ವಾಹನ ಸಂಖ್ಯೆಯ ಖಾನೆ

ಆ ಊರಿನಲ್ಲಿ ಯಾವ ಅರ್ಜಿ ಕೈಗೆ ತೆಗೆದುಕೊಂಡರೂ ಅದರಲ್ಲಿ ‘ವಾಹನ ಸಂಖ್ಯೆ’ ಎಂಬ ಖಾನೆಯೊಂದು ಇದ್ದೇ ಇರುತ್ತದೆ. ಹಲ್ಲು ಕೀಳಿಸಿಕೊಳ್ಳಲು ಆಸ್ಪತ್ರೆಗೆ ಹೋದರೂ ಅದನ್ನು ತುಂಬಬೇಕು, ಗ್ರಂಥಾಲಯದಲ್ಲಿ ಕಾರ್ಡು ಮಾಡಿಸಲು ಹೋದರೂ ತುಂಬಬೇಕು. ಹಲ್ಲಿಗೂ ಕಾರಿಗೂ ಎಲ್ಲಿಯ ನಂಟು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕಾರಿಲ್ಲದವರು ಅಲ್ಲಿ ಲೆಕ್ಕಕ್ಕೇ ಇಲ್ಲ. ಮನುಷ್ಯನ ಹೆಸರಿಗೆ ಒಂದು ಗೆರೆ ಬಿಟ್ಟವರು ಕಾರಿನ ನಂಬರಿಗೆ ಮಾತ್ರ ಅಚ್ಚುಕಟ್ಟಾಗಿ ಹತ್ತು ಚೌಕ ಬರೆದಿಟ್ಟಿರುತ್ತಾರೆ. ಆ ಹತ್ತು ಚೌಕಗಳ ಮೇಲೆ ಮೇಸ್ತ್ರಿ ಹನ್ನೊಂದು ವರ್ಷದಿಂದ ಒಂದು ಅಡ್ಡಗೆರೆ ಎಳೆಯುತ್ತ ಬಂದಿದ್ದ.

ತಮಾಷೆಯೆಂದರೆ ಮೇಸ್ತ್ರಿ ಉಣ್ಣುತ್ತಿದ್ದ ಅನ್ನವೇ ಕಾರಿನದು. ಊರಾಚೆಯ ದೊಡ್ಡ ರಸ್ತೆಯ ಅಂಚಿನಲ್ಲಿ ಅವನದೊಂದು ಟಿಂಕರಿಂಗ್ ಶೆಡ್ಡು. ಎಲ್ಲೆಲ್ಲೋ ಗುದ್ದಿಕೊಂಡು ಬಂದ ಕಾರುಗಳ ತಗ್ಗು ಎಬ್ಬಿಸಿ, ಬಣ್ಣ ಹೊಡೆದು, ಏನೂ ಆಗಿಯೇ ಇಲ್ಲ ಎಂಬಂತೆ ಮನೆಗೆ ಕಳಿಸುವುದು ಕಸುಬು. ಅದರಲ್ಲಿ ಅವನದು ಎತ್ತಿದ ಕೈ. ತಗಡಿನ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಧಾನಕ್ಕೆ ಸವರಿದನೆಂದರೆ ಕಾರು ಯಾವುದಕ್ಕೆ, ಯಾವ ಕಡೆಯಿಂದ, ಎಷ್ಟು ವೇಗದಲ್ಲಿ ತಗುಲಿತು ಎಂಬುದು ಅವನ ಕೈಗೆ ತಿಳಿಯುತ್ತಿತ್ತು. ಯಾರೋ ಕುಡುಕ ಬಂದು ಗುದ್ದಿದ ಎಂದು ಹಾರಾಡಿದ ಗಿರಾಕಿಯೊಬ್ಬನಿಗೆ, ಇದು ನಿಮ್ಮ ಮನೆಯ ಗೇಟಿನ ಕಂಬ, ನೀವು ಹಿಂದಕ್ಕೆ ತೆಗೆಯುವಾಗ ತಗುಲಿದ್ದು ಎಂದು ಮೆಲ್ಲಗೆ ಹೇಳಿದ್ದ. ಗಿರಾಕಿಯ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಅಂಗೈ ಮೇಸ್ತ್ರಿ.

ಆದರೆ ಹಾಗೆ ಹೇಳಿದ್ದೂ ಅದೊಂದೇ ಸಲ. ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಸುದ್ದಿ ತಿಳಿದು ಕರೆಸಿ ಬೈದಿದ್ದ. ‘ತಗ್ಗನ್ನ ಮಾತಾಡಿಸಬೇಡ, ತೆಗಿ. ಮಾತಾಡ್ಸೋಕೆ ಬೇರೆ ಇಲಾಖೆ ಇದೆ’ ಎಂದಿದ್ದ. ಆ ಕಸುಬಿನ ಕಟ್ಟಳೆಯೇ ಅದು. ಕೈಗೆ ತಿಳಿದದ್ದು ಬಾಯಿಗೆ ಬರಬಾರದು. ಎಲ್ಲ ಶೆಡ್ಡುಗಳೂ ಆ ಕಟ್ಟಳೆಯ ಮೇಲೆಯೇ ನಡೆಯುತ್ತವೆ, ಇಲ್ಲವಾದರೆ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗುತ್ತಾನೆ.

ಹೀಗೆ ಕಾರಿನ ನಡುವೆಯೇ ಬದುಕುವ ಮನುಷ್ಯ ಕಾರು ಹತ್ತುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಮನೆಯಿಂದ ಶೆಡ್ಡಿಗೆ ಆರು ಕಿಲೋಮೀಟರು. ಹೋಗುತ್ತ ಆರು, ಬರುತ್ತ ಆರು, ಮೇಸ್ತ್ರಿ ನಡೆಯುತ್ತಿದ್ದ. ನಡೆಯಲು ಅಲ್ಲಿ ದಾರಿ ಎಂಬುದಿಲ್ಲ. ರಸ್ತೆಯ ಬಿಳಿ ಗೆರೆಗೂ ಚರಂಡಿಗೂ ನಡುವೆ ಒಂದು ಮಂಚದಷ್ಟು ಅಗಲದ ಹುಲ್ಲು, ಜಲ್ಲಿ, ಟಯರಿನ ಚೂರು, ಅಷ್ಟೆ. ಮೊದಮೊದಲು ಕಾರುಗಳು ನಿಲ್ಲುತ್ತಿದ್ದವು. ಪಾಪ, ಗಾಡಿ ಕೆಟ್ಟಿತೇನೋ ಎಂದು ಒಳ್ಳೆಯವರು ಬಾಗಿಲು ತೆರೆಯುತ್ತಿದ್ದರು. ಗಾಡಿಯೇ ಇಲ್ಲ ಎಂದಾಗ ಅವರ ಮುಖದಲ್ಲಿ ಏಳುತ್ತಿದ್ದ ಅನುಮಾನ ನೋಡಬೇಕಿತ್ತು. ಪೊಲೀಸಿನವರು ಎರಡು ಸಲ ಹಿಡಿದು ವಿಚಾರಿಸಿದರು. ಕುಡಿದು ಲೈಸೆನ್ಸು ಕಳೆದುಕೊಂಡಿದ್ದಾನೆ ಎಂದು ಒಬ್ಬರು, ತಲೆ ಕೆಟ್ಟಿದೆ ಎಂದು ಇನ್ನೊಬ್ಬರು ಕತೆ ಕಟ್ಟಿದರು. ಶೆಡ್ಡಿನೊಳಗೆ ಕಾರನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸಬೇಕಾದರೂ ಅವನು ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ, ಗಿರಾಕಿಯ ಕೈಲೇ ತಳ್ಳಿಸುತ್ತಿದ್ದ. ದುಡ್ಡೂ ಕೊಟ್ಟು ಕಾರೂ ತಳ್ಳಬೇಕಲ್ಲಪ್ಪ ಎಂದು ಅವರು ಗೊಣಗುತ್ತ ತಳ್ಳುತ್ತಿದ್ದರು.

ಮನೆಯವಳು ಕಾರು ಓಡಿಸುತ್ತಿದ್ದಳು, ಚೆನ್ನಾಗಿಯೇ ಓಡಿಸುತ್ತಿದ್ದಳು. ಮೊದಲ ವರ್ಷ ಜಗಳ ಮಾಡಿದಳು, ಎರಡನೆಯ ವರ್ಷ ಅತ್ತಳು, ಆಮೇಲೆ ಬಿಟ್ಟಳು. ಮಗಳ ಮದುವೆ ನೋಂದಣಿಯ ದಿನ ಎಲ್ಲರೂ ಕಚೇರಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದರೆ, ಹುಡುಗಿಯ ಅಪ್ಪ ಮೊಣಕಾಲಿನವರೆಗೂ ಧೂಳು ಮೆತ್ತಿಕೊಂಡು ಬೆವರು ಒರೆಸುತ್ತ ಬಂದ. ಫೋಟೋದಲ್ಲಿ ಮಗಳು ನಗುತ್ತಿಲ್ಲ. ಆ ಫೋಟೋ ಇಂದಿಗೂ ಅವರ ಮನೆಯ ನಡುಕೋಣೆಯಲ್ಲಿದೆ. ಮನೆಯವಳು ಒಮ್ಮೆ ಅದರ ಗಾಜು ಒರೆಸುತ್ತ, ‘ನಿಮಗೆ ನೀವೇ ಏನೋ ಶಿಕ್ಷೆ ಕೊಟ್ಕೊಂಡಿದ್ದೀರ. ಅದರಲ್ಲಿ ನಮಗೂ ಪಾಲು ಬರ್ತಿದೆ. ಯಾಕೆ ಅಂತ ಮಾತ್ರ ಹೇಳಲ್ಲ’ ಎಂದಳು.

ಹೇಳುವುದಾದರೂ ಹೇಗೆ? ನಡೆಯುವಾಗ ತನ್ನ ಮುಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬ ಮನುಷ್ಯ ಹೋಗುತ್ತಿರುತ್ತಾನೆ ಎಂದು ಹೇಳಬೇಕಿತ್ತು. ಕಂದು ಬಣ್ಣದ ಸ್ವೆಟರು, ಒಂದು ಹೆಗಲು ತುಸು ಇಳಿದಿದೆ. ಅವನು ತಿರುಗುವುದಿಲ್ಲ, ನಿಲ್ಲುವುದಿಲ್ಲ. ಮೇಸ್ತ್ರಿ ಬೇಗ ನಡೆದರೆ ಅವನೂ ಬೇಗ ನಡೆಯುತ್ತಾನೆ. ದಾರಿಯ ನಡುವೆ ಚರಂಡಿ ರಸ್ತೆಯಡಿ ಹಾಯುವ ಮೋರಿಯ ಹತ್ತಿರ ಬಂದಾಗ ಇರುವುದಿಲ್ಲ. ಮೋರಿ ದಾಟಿದ ಮೇಲೆ ಮತ್ತೆ ಇರುತ್ತಾನೆ. ಮೇಸ್ತ್ರಿ ದೆವ್ವ ಗಿವ್ವ ನಂಬುವವನಲ್ಲ, ಹಾಗೆಂದು ಅವನಿಗೆ ಅವನೇ ಹೇಳಿಕೊಳ್ಳುತ್ತಿದ್ದ. ನಂಬದಿದ್ದರೂ ಪ್ರತಿದಿನ ಅವನ ಹಿಂದೆಯೇ ನಡೆಯಬೇಕಾಗುತ್ತಿತ್ತು. ಆ ಮನುಷ್ಯನನ್ನು ಅವನು ಜೀವಂತ ನೋಡಿದ್ದೇ ಇಲ್ಲ. ಅಂಗೈಯಿಂದ ಬಲ್ಲ, ಅಷ್ಟೆ.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಬೂದು ಬಣ್ಣದ ಕಾರೊಂದು ಶೆಡ್ಡಿಗೆ ಬಂತು. ಯಜಮಾನ ಮೆದು ಮಾತಿನ ಮನುಷ್ಯ. ಬೆಳಿಗ್ಗೆ ಯಾವುದೋ ಪ್ರಾಣಿ ಅಡ್ಡ ಬಂತು, ಸ್ವಲ್ಪ ಬೇಗ ಮಾಡಿಕೊಡಿ ಎಂದ. ಎಡ ಮೂಲೆಯ ದೀಪ ಒಡೆದಿತ್ತು, ಅದರ ಪಕ್ಕದ ತಗಡು ಒಳಗೆ ಹೋಗಿತ್ತು, ಬಾನೆಟ್ಟಿನ ಅಂಚಿನಲ್ಲಿ ಇನ್ನೊಂದು ತಗ್ಗು. ಮೇಸ್ತ್ರಿ ಬಟ್ಟೆ ಹಾಸಿ ಅಂಗೈ ಇಟ್ಟ. ಕಣ್ಣು ಮುಚ್ಚಿದ. ಪ್ರಾಣಿಯಲ್ಲ ಎಂದು ಮೊದಲ ಸಲ ಸವರಿದಾಗಲೇ ತಿಳಿಯಿತು. ಪ್ರಾಣಿ ಅಡ್ಡ ಬಂದರೆ ತಗ್ಗು ಅಗಲವಾಗಿ ಒಂದೇ ಆಗುತ್ತದೆ. ಇಲ್ಲಿ ಎರಡಿದ್ದವು, ಒಂದು ಮೊಣಕಾಲಿನ ಎತ್ತರಕ್ಕೆ, ಒಂದು ಸೊಂಟದ ಎತ್ತರಕ್ಕೆ. ಮಡ್‌ಗಾರ್ಡಿನ ಒಳಗೆ ಹಸಿ ಹುಲ್ಲು ಮೆತ್ತಿತ್ತು, ಎಡಗಡೆಯ ಕೆಳ ಅಂಚಿಗೆಲ್ಲ ಜಲ್ಲಿ ಸಿಡಿದ ಗುರುತು. ಕಾರು ಬಿಳಿ ಗೆರೆ ದಾಟಿ ಹುಲ್ಲಿಗೆ ಇಳಿದಿತ್ತು. ದೀಪದ ಬಳೆಯ ಸಂದಿಯಲ್ಲಿ ಒಂದು ಗೇಣು ಕಂದು ಉಣ್ಣೆ ನೂಲು ಸಿಕ್ಕಿಕೊಂಡಿತ್ತು.

ಎಲ್ಲ ತಿಳಿಯಿತು. ತಿಳಿದೂ ಅವನು ಮಾಡಿದ್ದೇನು? ಆ ನೂಲು ಎಳೆದು ನೆಲಕ್ಕೆ ಹಾಕಿದ. ಸಂಜೆ ಕಸದ ಜೊತೆ ಅದನ್ನೂ ಗುಡಿಸಿದ. ತಗ್ಗನ್ನು ಮಾತಾಡಿಸಬಾರದು ಎಂಬ ಕಟ್ಟಳೆ ಇತ್ತಲ್ಲ, ಅದರ ಹಿಂದೆ ಅಡಗಿಕೊಂಡ. ಅಷ್ಟೇ ಆಗಿದ್ದರೆ ಒಂದು ಪಕ್ಷ ಅವನು ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತಿದ್ದನೋ ಏನೋ. ಆದರೆ ಆ ಕೆಲಸ ಅವನಿಗೆ ಹಿಡಿಸಿತು. ಬಾನೆಟ್ಟಿನ ಅಂಚು ಎಬ್ಬಿಸುವುದು ಬಲು ಕಷ್ಟ. ಒಳಗಿನಿಂದ ಕಬ್ಬಿಣದ ಗುಂಡು ಒತ್ತಿ ಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಉಗುರು ತಾಗಿಸಿದಷ್ಟು ಹಗುರವಾಗಿ ಎರಡು ದಿನ ಬಡಿದ. ತಗಡು ತಗ್ಗು ತುಂಬುವ ಪುಟ್ಟಿ ಒಂದು ಚಿಟಿಕೆಯೂ ಬೇಡದಂತೆ ಎದ್ದು ನಿಂತಿತು. ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಕೆಲಸ ಅವನ ಕೈಯಿಂದ ಬಂದಿರಲಿಲ್ಲ. ಬೂದು ಕಾರು ಹೊರಟಾಗ ಅವನು ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನೋಡಿದ. ನಂಬರು ಪ್ಲೇಟು ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು.

ಮಾರನೆಯ ದಿನ ಕೆಟ್ಟ ಕಾರು ಎಳೆದು ತರುವ ಲಾರಿಯವನು ಸುದ್ದಿ ಹೇಳಿದ. ಅದೇ ವಾರ ಒಂದು ಬೆಳಿಗ್ಗೆ ದೊಡ್ಡ ರಸ್ತೆಯ ಮೋರಿಯ ಬಳಿ ಗಡಿಯಾರ ರಿಪೇರಿಯವನೊಬ್ಬ ಸತ್ತು ಬಿದ್ದಿದ್ದನಂತೆ, ಕೆಲಸಕ್ಕೆ ನಡೆದುಕೊಂಡು ಹೋಗುತ್ತಿದ್ದನಂತೆ, ರಸ್ತೆಯ ಮಧ್ಯಕ್ಕೆ ಅವನೇ ನುಗ್ಗಿದ ಎಂದು ಪೊಲೀಸರು ಬರೆದುಕೊಂಡಿದ್ದಾರಂತೆ. ಆ ರಸ್ತೆಯಲ್ಲಿ ನಡೆಯೋದೇ ತಪ್ಪು ಬಿಡಿ ಎಂದು ಲಾರಿಯವನು ಷರಾ ಬರೆದು ಹೋದ. ಸಂಜೆ ಮನೆಗೆ ಹೊರಡಲು ಮೇಸ್ತ್ರಿ ತನ್ನ ಕಾರಿನ ಬಾಗಿಲು ತೆರೆದು ಸ್ಟಿಯರಿಂಗಿನ ಮೇಲೆ ಅಂಗೈ ಇಟ್ಟ. ಅಂಗೈಗೆ ಸ್ಟಿಯರಿಂಗು ಸಿಗಲಿಲ್ಲ. ಮೊಣಕಾಲಿನ ಎತ್ತರದ ಆ ತಗ್ಗು ಸಿಕ್ಕಿತು. ಇಳಿದು ಬಾಗಿಲು ಹಾಕಿ ಮನೆಗೆ ನಡೆದ. ಆ ಕಾರನ್ನು ಆಮೇಲೆ ಮಾರಿದರು.

ಪೊಲೀಸರ ಹತ್ತಿರ ಹೋಗಬೇಕೆಂದು ಹೊರಟಿದ್ದೂ ಉಂಟು. ಶೆಡ್ಡು ಹೋಗುತ್ತದೆ, ಮಗಳ ಓದು ಇದೆ, ಗುರುತು ಒರೆಸಿದವನು ತಾನೇ ಎಂದು ಹಿಡಿದು ಹಾಕುತ್ತಾರೆ ಎಂದೆಲ್ಲ ಹೆದರಿ ಠಾಣೆಯ ಎದುರಿನಿಂದಲೇ ಮುಂದೆ ಹೋದ. ಒಂದು ವಾರ ಕಳೆಯಿತು, ಒಂದು ವರ್ಷ ಕಳೆಯಿತು. ತಡವಾದಷ್ಟೂ ಬಾಯಿಗೆ ಬಿದ್ದ ಬೀಗ ತುಕ್ಕು ಹಿಡಿಯಿತು.

ಇದೆಲ್ಲ ಒಂದು ತೂಕವಾದರೆ ಹೊಲಿಗೆಯಕ್ಕನದು ಇನ್ನೊಂದು ತೂಕ.

ಆಕೆ ದಾರಿಯಲ್ಲಿ ಜೊತೆಯಾಗಿ ಏಳು ವರ್ಷವಾಗಿತ್ತು. ಬಟ್ಟೆ ಅಂಗಡಿಯೊಂದರ ಹಿಂಕೋಣೆಯಲ್ಲಿ ಕೂತು ಉದ್ದ ಗಿಡ್ಡ ಸರಿಮಾಡುವ ಕೆಲಸ. ಒಂದು ಕಣ್ಣು ಮಂಜು, ಹಾಗಾಗಿ ಲೈಸೆನ್ಸು ಕೊಡುವುದಿಲ್ಲ. ಕರೆದೊಯ್ಯುತ್ತಿದ್ದ ನೆರೆಯಾಕೆ ಊರು ಬಿಟ್ಟ ಮೇಲೆ ನಡೆಯಲು ಶುರುಮಾಡಿದ್ದಳು. ನೀರಿನ ಟ್ಯಾಂಕಿನ ತಿರುವಿನಿಂದ ಪೆಟ್ರೋಲ್ ಬಂಕಿನವರೆಗೆ ನಲವತ್ತು ನಿಮಿಷ ಇಬ್ಬರದೂ ಒಂದೇ ದಾರಿ. ಆ ರಸ್ತೆಯಲ್ಲಿ ನಡೆಯುವ ಇನ್ನೊಂದು ಪ್ರಾಣಿ ಕಂಡದ್ದಕ್ಕೇ ಮೇಸ್ತ್ರಿಗೆ ಹಿಗ್ಗಾಗಿತ್ತು. ಮೂರನೆಯ ದಿನ ಆಕೆ ಮೋರಿಯ ಕಲ್ಲಿನ ಹತ್ತಿರ ನಿಂತು, ‘ನಮ್ಮೆಜಮಾನ್ರು ಸಿಕ್ಕಿದ್ದು ಇಲ್ಲೇ’ ಎಂದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. ನಾಳೆಯಿಂದ ಬೇರೆ ಹೊತ್ತಿಗೆ ಹೊರಡಬೇಕೆಂದುಕೊಂಡ. ಮಾರನೆಯ ದಿನ ಅದೇ ಹೊತ್ತಿಗೆ ಹೊರಟ. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಆಕೆಯನ್ನು ಆ ಹುಲ್ಲಿನ ಅಂಚಿನಲ್ಲಿ ಒಂಟಿಯಾಗಿ ನಡೆಯಲು ಬಿಡುವುದು ಅವನಿಂದ ಆಗಲಿಲ್ಲ.

ಏಳು ವರ್ಷದಲ್ಲಿ ಮಾತಾಡದ ವಿಷಯವಿಲ್ಲ. ಅಂಗಡಿಗೆ ಬರುವ ಹೊಟ್ಟೆ ಬೆಳೆದ ಗಂಡಸರು ಪ್ಯಾಂಟೇ ಕುಗ್ಗಿದೆ ಎಂದು ವಾದಿಸುವುದನ್ನು ಆಕೆ ನಟಿಸಿ ತೋರಿಸುತ್ತಿದ್ದಳು. ಬೆಲ್ಟು ಸಡಿಲ ಬಿಟ್ಟರೂ ಕಾರು ಬಿಡದವರು ಎಂದು ಮೇಸ್ತ್ರಿ ಸೇರಿಸುತ್ತಿದ್ದ. ಆಕೆಯ ಕಣ್ಣು ಮಂಜಾದ ಕಡೆ ಅವನು, ರಸ್ತೆಯ ಕಡೆ, ನಡೆಯುತ್ತಿದ್ದ. ಒಂದು ಚಳಿಗಾಲ ಆಕೆ ಅವನ ಜಾಕೀಟು ಕೇಳಿ ಪಡೆದು, ಬೆನ್ನಿಗೆ ಬೆಳಕಿಗೆ ಹೊಳೆಯುವ ಬಿಳಿ ಪಟ್ಟಿಯೊಂದನ್ನು ಹೊಲಿದು ಕೊಟ್ಟಳು. ಹಿಂದಿನಿಂದ ಬರುವ ಗಾಡಿಗಳಿಗೆ ಕಾಣಲಿ, ನಮ್ಮ ಯಜಮಾನರಿಗೆ ಯಾರೂ ಇದನ್ನು ಮಾಡಿಕೊಡಲಿಲ್ಲ ಎಂದಳು. ಅಂದು ಮೇಸ್ತ್ರಿ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಅತ್ತ. ಜಾಕೀಟು ಮಾತ್ರ ಬಿಡದೆ ಹಾಕಿಕೊಂಡ.

ಎರಡು ವರ್ಷದ ಹಿಂದೆ ಬೂದು ಕಾರಿನ ಯಜಮಾನ ಕಾಯಿಲೆಯಾಗಿ ಸತ್ತ ಸುದ್ದಿ ಬಂತು. ಇನ್ನು ಭೂಮಿಯ ಮೇಲೆ ಈ ವಿಷಯ ಬಲ್ಲವನು ತಾನೊಬ್ಬನೇ ಎಂದು ಮೇಸ್ತ್ರಿಗೆ ಹೊಳೆದಾಗ ಹಗುರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಮುಂದೆ ನಡೆಯುವ ಕಂದು ಸ್ವೆಟರಿನವನು ಅಂದಿನಿಂದ ಮೋರಿಯ ಬಳಿ ಮರೆಯಾಗುವುದನ್ನೂ ಬಿಟ್ಟ. ಅಲ್ಲೇ ನಿಂತಿರುತ್ತಿದ್ದ, ಬೆನ್ನು ಹಾಕಿ.

ಹೀಗಿರುವಾಗ ಮೋರಿಯ ಪಕ್ಕದ ಕಂಬಕ್ಕೆ ರಸ್ತೆ ಕಚೇರಿಯವರು ಒಂದು ನೋಟಿಸು ಹಚ್ಚಿದರು. ಮುಂದಿನ ತಿಂಗಳಿನಿಂದ ಈ ರಸ್ತೆಯಲ್ಲಿ ನಡೆಯುವುದಕ್ಕೆ ನಿಷೇಧ, ಹುಲ್ಲಿನ ಅಂಚನ್ನೂ ಸೇರಿಸಿ ರಸ್ತೆ ಅಗಲ ಮಾಡಲಾಗುವುದು, ತಕರಾರು ಇದ್ದವರು ಶುಕ್ರವಾರದೊಳಗೆ ಅರ್ಜಿ ಕೊಡಬಹುದು. ಕಾರಣವನ್ನೂ ಬರೆದಿದ್ದರು. ಈ ಹಿಂದೆ ಪಾದಚಾರಿಯೊಬ್ಬರು ರಸ್ತೆಯ ಮಧ್ಯಕ್ಕೆ ನುಗ್ಗಿ ಮೃತಪಟ್ಟಿರುವುದರಿಂದ. ಮೇಸ್ತ್ರಿ ಅದನ್ನು ಗಟ್ಟಿಯಾಗಿ ಓದಿ ಹೇಳಿದ, ಆಕೆಗೆ ಸಣ್ಣ ಅಕ್ಷರ ಕಾಣುವುದಿಲ್ಲ.

ಆಕೆ ಮೋರಿಯ ಕಲ್ಲಿನ ಮೇಲೆ ಕೂತಳು. ಏಳು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು.

‘ಅವರು ಬರೆದಿರೋದು ನಿಜ ಮೇಸ್ತ್ರಿ’ ಎಂದಳು. ‘ಅವತ್ತು ಬೆಳಿಗ್ಗೆ ನಾನು ಬಾಯಿಗೆ ಬಂದಂಗೆ ಬೈದಿದ್ದೆ. ಎಲ್ಲರ ಮನೇಲೂ ಕಾರಿದೆ, ನಿಮ್ಮ ಕೈಲಿ ಅದೂ ಆಗಲ್ಲ, ಹೋಗಿ, ವಾಪಸ್ ಬರಬೇಡಿ ಅಂದಿದ್ದೆ. ಅವರು ಒಂದು ಮಾತೂ ಆಡ್ದೆ ಹೊರಟ್ರು. ಬೇಕಂತಲೇ ಮಧ್ಯಕ್ಕೆ ಹೋಗಿದ್ದಾರೆ. ನಾನೇ ಕಳಿಸಿದ್ದು.’

ಆಕೆ ಅಳುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ದಿನಾ ತನಗೆ ತಾನೇ ಹೇಳಿಕೊಂಡು ಸವೆದುಹೋದ ಮಾತು ಅದು. ಮೇಸ್ತ್ರಿ ಆಕೆಯ ಮುಂದೆ ನಿಂತಿದ್ದ. ತನ್ನ ಬಾಯಿಯ ಬೀಗವನ್ನು ತಾನು ಹೊತ್ತಿದ್ದೇನೆ ಎಂದುಕೊಂಡಿದ್ದ, ಅದರ ಭಾರ ಬಿದ್ದದ್ದು ಈಕೆಯ ಮೇಲೆ. ಹೇಳಿದರೆ ಈಕೆ ಹೋಗುತ್ತಾಳೆ. ಹೇಳದಿದ್ದರೆ ಈಕೆ ಹೀಗೇ ಸಾಯುತ್ತಾಳೆ. ಬೆನ್ನ ಮೇಲಿನ ಪಟ್ಟಿ ಬಿಸಿಯಾದಂತೆನಿಸಿತು.

‘ಇಲ್ಲ ಅಕ್ಕ. ಅವರು ಮಧ್ಯಕ್ಕೆ ಹೋಗಿರ್ಲಿಲ್ಲ’ ಎಂದ. ‘ಹುಲ್ಲಿನ ಮೇಲೇ ನಡೀತಿದ್ರು. ಕಾರೇ ಅಂಚಿಗೆ ಇಳಿದು ಬಂದಿದ್ದು, ಹಿಂದಿನಿಂದ. ಬ್ರೇಕೂ ಹಾಕಿರ್ಲಿಲ್ಲ. ಹಾಕಿದ್ರೆ ಕಾರಿನ ಮೂತಿ ಬಗ್ಗುತ್ತೆ, ತಗ್ಗು ಕಾರಿನ ಮೇಲೆ ಇನ್ನೂ ಎತ್ತರಕ್ಕೆ ಬೀಳ್ತಿತ್ತು. ನನಗೆ ಗೊತ್ತು. ಆ ಕಾರಿನ ತಗ್ಗು ತೆಗೆದವನು ನಾನೇ.’

ಉಳಿದದ್ದನ್ನೂ ಹೇಳಿದ. ದೀಪದ ಸಂದಿಯಲ್ಲಿ ಕಂದು ಉಣ್ಣೆಯ ನೂಲು ಸಿಕ್ಕಿದ್ದು, ಎರಡು ದಿನ ಬಡಿದದ್ದು, ಪುಟ್ಟಿ ಹಾಕದೆ ತಗಡು ಎದ್ದದ್ದು, ಬಾಗಿಲಲ್ಲಿ ನಿಂತು ಹೆಮ್ಮೆಪಟ್ಟದ್ದು, ಯಾವುದನ್ನೂ ಬಿಡಲಿಲ್ಲ. ಪಕ್ಕದಲ್ಲಿ ಕಾರುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು, ನಡುನಡುವೆ ಅವನು ಮಾತು ನಿಲ್ಲಿಸಬೇಕಾಗುತ್ತಿತ್ತು.

‘ಆ ನೂಲು ಏನ್ಮಾಡಿದ್ರಿ?’ ಎಂದು ಆಕೆ ಕೇಳಿದಳು.

‘ಕಸದ ಜೊತೆ ಗುಡಿಸಿಬಿಟ್ಟೆ.’

‘ಆ ಸ್ವೆಟರ್ ಹೆಣೆದಿದ್ದು ನಾನು.’

ಆಕೆ ಎದ್ದು ಅವನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. ಕಲೆ ಹೋಗಿದೆಯೋ ಇಲ್ಲವೋ ಎಂದು ಬಟ್ಟೆಯನ್ನು ನೋಡುವ ಹಾಗೆ ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕೈ ಬಿಟ್ಟಳು. ಏಳು ವರ್ಷ ಪಕ್ಕದಲ್ಲೇ ನಡೆದಿರಲ್ಲ ಎಂದಷ್ಟೇ ಅಂದಳು. ನಂತರ, ಇದನ್ನು ಶುಕ್ರವಾರ ಕಚೇರಿಯಲ್ಲಿ ಹೇಳುತ್ತೀರಾ ಎಂದು ಕೇಳಿದಳು. ಅವನು ಹೇಳುತ್ತೇನೆ ಎಂದ. ಆಕೆ ಉತ್ತರಕ್ಕೆ ಕಾಯದವಳಂತೆ ನಡೆದುಬಿಟ್ಟಳು.

ಅಂದು ಸಂಜೆ ಮನೆಯವಳಿಗೂ ಹೇಳಿದ. ಆಕೆ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು ಕೂತು, ಪೂರ್ತಿ ಕೇಳಿದಳು. ಶೆಡ್ಡು ಹೋಗಬಹುದು, ಕೇಸು ಆಗಬಹುದು ಎಂದ. ಆಗಲಿ ಎಂದಳು. ಮಗಳಿಗೆ ನೀವೇ ಹೇಳಬೇಕು, ನಾನು ಹೇಳುವುದಿಲ್ಲ ಎಂದಳು. ಆಮೇಲೆ ಮುಖ ತಿರುಗಿಸಿಕೊಂಡು, ಶುಕ್ರವಾರ ಕಾರಲ್ಲಿ ಬಿಟ್ಟು ಬರಲೇ ಎಂದು ಅಭ್ಯಾಸಬಲದಿಂದ ಕೇಳಿ, ಕೇಳಿದ ಮೇಲೆ ತಾನೇ ಬೇಡ ಬಿಡಿ ಎಂದಳು.

ರಸ್ತೆ ಕಚೇರಿಗೆ ಒಂಬತ್ತು ಕಿಲೋಮೀಟರು. ಮೇಸ್ತ್ರಿ ಹೋದಾಗ ಹೊಲಿಗೆಯಕ್ಕ ಆಗಲೇ ಬೆಂಚಿನ ಮೇಲೆ ಕೂತಿದ್ದಳು, ಚಪ್ಪಲಿಯ ತುಂಬ ಧೂಳು. ಆಕೆ ಅವನತ್ತ ನೋಡಲಿಲ್ಲ. ಇನ್ನೂರು ಕಾರು ನಿಲ್ಲಿಸುವಷ್ಟು ಅಂಗಳವಿದ್ದ ಆ ಕಚೇರಿಯಲ್ಲಿ ಕೂರಲು ಇದ್ದದ್ದು ಅದೊಂದೇ ಬೆಂಚು. ಕಿಟಕಿಯ ಗುಮಾಸ್ತ ಅರ್ಜಿ ಕೊಟ್ಟ. ಮೇಸ್ತ್ರಿ ನಿಂತೇ ಬರೆದ. ಹೆಸರು ಬರೆದ, ಕಸುಬು ಬರೆದ. ತಕರಾರಿನ ವಿವರ ಎಂಬಲ್ಲಿ, ಸತ್ತವರು ರಸ್ತೆಯ ಮಧ್ಯಕ್ಕೆ ನುಗ್ಗಿರಲಿಲ್ಲ, ಅಂಚಿನ ಹುಲ್ಲಿನ ಮೇಲೆ ನಡೆಯುತ್ತಿದ್ದರು, ಇದು ನನಗೆ ಹೀಗೆ ತಿಳಿದಿದೆ ಎಂದು ಶುರುಮಾಡಿ, ಹಾಳೆಯ ಹಿಂಬದಿಯೂ ತುಂಬುವಷ್ಟು ಬರೆದು ಸಹಿ ಹಾಕಿದ. ವಾಹನ ಸಂಖ್ಯೆಯ ಖಾನೆಗೆ ಈ ಸಲ ಅಡ್ಡಗೆರೆಯನ್ನೂ ಎಳೆಯದೆ ಹಾಗೇ ಬಿಟ್ಟು ಒಳಗೆ ತಳ್ಳಿದ.

ಗುಮಾಸ್ತ ಬರೆದದ್ದನ್ನು ಓದಲಿಲ್ಲ. ಖಾಲಿ ಚೌಕಗಳ ಮೇಲೆ ಪೆನ್ನು ಬಡಿದ. ಗಾಡಿ ಇಲ್ಲವೇ ಎಂದು ಕೇಳಿದ. ಹಾಗಾದರೆ ಹೇಗೆ ಬಂದಿರಿ ಎಂದ. ನಡೆದುಕೊಂಡು ಎಂದದ್ದಕ್ಕೆ ಅವನು ನಕ್ಕು, ಪಕ್ಕದವನಿಗೂ ಹೇಳಿ ನಗಿಸಿದ. ನಂಬರು ಹಾಕದೆ ಇಲ್ಲಿನ ಕಂಪ್ಯೂಟರು ಅರ್ಜಿ ತೆಗೆದುಕೊಳ್ಳುವುದಿಲ್ಲ, ಯಾರದ್ದಾದರೂ ಹಾಕಿ, ಮನೆಯಲ್ಲಿ ಯಾರದೋ ಇರುತ್ತದಲ್ಲ ಎಂದು ಹಾಳೆ ವಾಪಸು ತಳ್ಳಿದ.

ಮೇಸ್ತ್ರಿ ಪೆನ್ನು ತೆಗೆದುಕೊಂಡ. ಮನೆಯವಳ ಕಾರಿನ ನಂಬರು ಅವನಿಗೆ ಬಾಯಿಪಾಠವಿರಲಿಲ್ಲ. ಬಾಯಿಪಾಠವಿದ್ದ ನಂಬರು ಒಂದೇ. ರಸ್ತೆಯ ತಿರುವಿನವರೆಗೂ ಹೆಮ್ಮೆಯಿಂದ ನೋಡಿದ್ದನಲ್ಲ, ಅದು. ಒಂದೊಂದೇ ಚೌಕದೊಳಗೆ ಒಂದೊಂದೇ ಅಕ್ಷರ ಇಟ್ಟ. ಹತ್ತು ಚೌಕವೂ ತುಂಬಿದವು.

ಗುಮಾಸ್ತ ನಂಬರು ಒತ್ತಿದ. ಪರದೆಯ ಮೇಲೆ ಬಂದದ್ದನ್ನು ನೋಡಿ ಅವನು ಹುಬ್ಬು ಗಂಟಿಕ್ಕಿದ. ಬೂದು ಬಣ್ಣದ ಕಾರು, ಯಜಮಾನರು ತೀರಿಕೊಂಡಿದ್ದಾರೆ ಎಂದು ತೋರಿಸುತ್ತಿದೆ ಎಂದ.

‘ಇದು ನಿಮ್ಮ ಗಾಡಿನಾ?’

‘ನನ್ನದಲ್ಲ’ ಎಂದ ಮೇಸ್ತ್ರಿ. ‘ಎಲ್ಲಾ ಬರೆದಿದ್ದೀನಿ. ಓದಿ.’

ಬೆಂಚಿನ ಮೇಲಿದ್ದ ಹೊಲಿಗೆಯಕ್ಕ ಎದ್ದು ಕಿಟಕಿಯ ಹತ್ತಿರ ಬಂದು ನಿಂತಳು. ಗುಮಾಸ್ತ ಹಾಳೆ ಎತ್ತಿಕೊಂಡು ಓದತೊಡಗಿದ. ಮೊದಲು ಮನಸ್ಸಿನಲ್ಲೇ ಓದುತ್ತಿದ್ದವನನ್ನು ಆಕೆ ಗಟ್ಟಿಯಾಗಿ ಓದಲು ಹೇಳಿದಳು, ತನಗೆ ಸಣ್ಣ ಅಕ್ಷರ ಕಾಣುವುದಿಲ್ಲ ಎಂದಳು. ಅವನು ಮೊದಲಿನಿಂದ ಓದಿದ. ಅಂಚಿನ ಹುಲ್ಲಿನ ಮೇಲೆ ನಡೆಯುತ್ತಿದ್ದರು ಎಂಬ ಸಾಲು ಬಂದಾಗ ಆಕೆ ಇನ್ನೊಮ್ಮೆ ಓದಿಸಿದಳು. ಆಗ ಆಕೆ ಅತ್ತಳು. ಗುಮಾಸ್ತ ಮುದ್ರೆ ಒತ್ತಿ, ಇದು ಪೊಲೀಸರಿಗೂ ಹೋಗುತ್ತದೆ, ನಿಮ್ಮನ್ನು ಕರೆಸುತ್ತಾರೆ ಎಂದು ಮೆಲ್ಲಗೆ ಹೇಳಿದ. ಅವನ ನಗು ಎಲ್ಲೋ ಹೋಗಿತ್ತು.

ವಾಪಸು ಹೊರಟಾಗ ಹೊಲಿಗೆಯಕ್ಕ ಮೊದಲು ಹೊರಟಳು. ಮೇಸ್ತ್ರಿ ಬೇಕೆಂದೇ ತಡ ಮಾಡಿ ಹಿಂದೆ ನಡೆದ. ದೊಡ್ಡ ರಸ್ತೆಯಲ್ಲಿ ಬಿಸಿಲು ಇಳಿಯುತ್ತಿತ್ತು, ಕೆಲಸ ಬಿಟ್ಟ ಕಾರುಗಳು ಸಾಲುಗಟ್ಟಿದ್ದವು. ಅವನು ಅಭ್ಯಾಸದಂತೆ ಮುಂದೆ ನೋಡಿದ. ಕಂದು ಸ್ವೆಟರಿಗಾಗಿ ನೋಡಿದ, ಮೋರಿಯ ಕಲ್ಲಿನ ಹತ್ತಿರವೂ ನೋಡಿದ. ಇಪ್ಪತ್ತು ಹೆಜ್ಜೆ ಮುಂದೆ ಹುಲ್ಲಿನ ಅಂಚಿನಲ್ಲಿ ನಡೆಯುತ್ತಿದ್ದವಳು ಆಕೆಯೊಬ್ಬಳೇ. ಮಂಜಾದ ಕಣ್ಣಿನ ಕಡೆ, ರಸ್ತೆಯ ಕಡೆ, ಯಾರೂ ಇರಲಿಲ್ಲ. ಆಕೆ ತಿರುಗಿ ನೋಡಲಿಲ್ಲ. ಅವನು ನಿಧಾನ ಮಾಡಿದರೆ ಆಕೆ ದೂರವಾಗುತ್ತಿದ್ದಳು, ಬೇಗ ನಡೆದರೆ ಆಕೆಯೂ ಬೇಗ ನಡೆಯುತ್ತಿದ್ದಳು. ನೀರಿನ ಟ್ಯಾಂಕಿನ ತಿರುವಿನವರೆಗೂ ಮೇಸ್ತ್ರಿ ಆಕೆಯ ಹಿಂದೆ ಅಷ್ಟೇ ದೂರದಲ್ಲಿ ನಡೆದ.